ಗಾರ್ಮೆಂಟ್ಸ್ ಸಿಸ್ಟರ್

ನರ್ಸಿಂಗ್ ಮುಗಿಸಿದಾಗ ನನಗೆ ಒಂದು ವಿಷಯದಲ್ಲಿ ಅನುಮಾನವೇ ಇರಲಿಲ್ಲ. ನೋವೆಂದು ಬಂದವರ ಪರವಾಗಿ ಗಟ್ಟಿಯಾಗಿ ನಿಂತರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಅಂದುಕೊಂಡಿದ್ದೆ. ಚಿಕ್ಕಬಾಣಾವರದ ನಮ್ಮ ಮನೆಗೆ ಹತ್ತಿರವೆಂದು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕೆ ಸೇರಿದೆ. ಹೊಲಿಗೆ ಹಾಲಿನ ಪಕ್ಕದ ಸಣ್ಣ ಕೋಣೆ ನನ್ನದು. ಡಾಕ್ಟರು ಅಪರೂಪಕ್ಕೆ ಬರುತ್ತಿದ್ದರು. ಮಿಕ್ಕ ದಿನ ಎಲ್ಲವೂ ನಾನೇ.

ಸೇರಿದ ಹೊಸತರಲ್ಲೇ ರಾಯಚೂರು ಕಡೆಯ ಒಬ್ಬ ಹೆಂಗಸು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಕಾಲರ್ ಹೊಲಿಯುವ ಟೈಲರ್. ಬೆಳಿಗ್ಗೆಯಿಂದ ತಲೆಸುತ್ತು, ಕೆಳಹೊಟ್ಟೆಯಲ್ಲಿ ನೋವು. ಬಿಪಿ ತೀರಾ ಇಳಿದಿತ್ತು.

“ನೀವು ಮನೆಗೆ ಹೋಗಿ ಮಲಗಬೇಕು” ಎಂದೆ.

ಅವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅವರ ಸೂಪರ್‌ವೈಸರ್ ಬಂದ. “ಒಂದು ಮಾತ್ರೆ ಕೊಟ್ಟು ಕಳ್ಸಿ ಸಿಸ್ಟರ್. ಇವತ್ತು ಮಾಲು ಹೋಗ್ಬೇಕು.”

“ಮೆಷಿನ್ ಮೇಲೆ ಬಿದ್ದುಬಿಟ್ರೆ ನೀವು ಜವಾಬ್ದಾರಿ ತಗೋತೀರಾ?”

ಅವನು ಗೊಣಗುತ್ತ ಹೋದ. ನಾನೇ ಗೇಟಿನವರೆಗೆ ನಡೆಸಿಕೊಂಡು ಹೋಗಿ ಅವರನ್ನು ಆಟೊ ಹತ್ತಿಸಿ ಬಂದೆ. ಸಂಜೆ ಅಪ್ಪನ ಮುಂದೆ ಈ ಕಥೆಯನ್ನು ಎರಡು ಸಲ ಹೇಳಿದೆ.

ಅದಾದ ಕೆಲವು ದಿನಕ್ಕೆ ಆ ಹೆಂಗಸನ್ನು ಇಸ್ತ್ರಿ ಮಾಡುವ ಕಡೆ ನೋಡಿದೆ. ಹಬೆಯ ನಡುವೆ ನಿಂತು, ಒದ್ದೆ ಮುಖ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ತಲೆ ತಗ್ಗಿಸಿದರು. ಊಟದ ಹೊತ್ತಿನಲ್ಲಿ ಹತ್ತಿರ ಹೋಗಿ ಕೂತೆ.

“ಆವತ್ತಿನ ಹಾಜರಿ ಹೋತ್ರಿ” ಅಂದರು. “ಕುಂತು ಹೊಲಿಯೋ ಕೆಲಸಾನೂ ಹೋತು. ಈಗ ದಿನಾ ನಿಂದ್ರಬೇಕು. ನೀವು ಒಳ್ಳೇದ ಮಾಡಿದ್ರಿ ಸಿಸ್ಟರ್, ಖರೆ. ಆದ್ರ ಇನ್ನೊಮ್ಮೆ ಮಾಡಬ್ಯಾಡ್ರಿ.”

ಸಿಟ್ಟಿನಲ್ಲಿ ನೇರ ಮ್ಯಾನೇಜರ್ ಹತ್ತಿರ ಹೋದೆ. ಅವರು ಕಾಫಿ ತರಿಸಿದರು. “ನೀವು ಹೇಳೋದು ಸರಿ ಮೇಡಂ. ಆದ್ರೆ ಒಬ್ರು ಎದ್ದು ಹೋದ್ರೆ ಇಡೀ ಲೈನೇ ನಿಂತ್ಹೋಗುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.” ಆ ಹೆಂಗಸನ್ನು ಮತ್ತೆ ಹೊಲಿಗೆಗೆ ಹಾಕಲಿಲ್ಲ. ಸ್ವಲ್ಪ ದಿನದಲ್ಲಿ ಅವರು ಕೆಲಸ ಬಿಟ್ಟರೆಂದು ಜೊತೆಯವರು ಹೇಳಿದರು. ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿರಲಿಲ್ಲ.

ಕೆಲಸ ಬಿಡಬೇಕೆಂದು ಎಷ್ಟೋ ಸಲ ಅನಿಸಿತು. ಬಿಡಲಿಲ್ಲ. ಮನೆಗೆ ಕಳಿಸುತ್ತೇನೆ ಎಂದು ಜಗಳ ಆಡುವುದನ್ನು ಬಿಟ್ಟೆ. ಸುಸ್ತಾಗಿ ಬಂದವರನ್ನು ಪರದೆಯ ಹಿಂದಿನ ಮಂಚದ ಮೇಲೆ ಮಲಗಿಸುತ್ತೇನೆ. ಸೂಪರ್‌ವೈಸರ್ ಕೇಳಿದರೆ “ಬಿಪಿ ಇನ್ನೊಂದ್ಸಲ ನೋಡ್ಬೇಕು, ಇರಿ” ಅನ್ನುತ್ತೇನೆ. ಅರ್ಧ ಗಂಟೆ ಕಣ್ಣು ಮುಚ್ಚಿದರೂ ಸಾಕು, ಮುಖಕ್ಕೆ ಸ್ವಲ್ಪ ರಕ್ತ ಬರುತ್ತದೆ. ಸುಳ್ಳೆಂದು ಅವನಿಗೂ ಗೊತ್ತು. “ಸಿಸ್ಟರ್ ಈಗ ಸೆಟ್ ಆದ್ರು” ಎಂದು ಅವನು ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. ಅವನು ಹೊಗಳಿಯೇ ಹೇಳಿದ್ದ. ಆ ದಿನ ನನಗೆ ಊಟ ಸೇರಲಿಲ್ಲ.

ಎದೆನೋವು, ರಕ್ತಸ್ರಾವ ಇಂಥದ್ದಕ್ಕೆ ಈಗಲೂ ಯಾರನ್ನೂ ಕೇಳದೆ ಆಸ್ಪತ್ರೆಗೆ ಕಳಿಸುತ್ತೇನೆ. ಅದಕ್ಕೆ ಯಾರೂ ಅಡ್ಡ ಬರುವುದಿಲ್ಲ. ಕಷ್ಟವಾಗುವುದು ಉಳಿದವರ ವಿಷಯದಲ್ಲಿ. ಇರುವುದು ಒಂದೇ ಮಂಚ. ಮೊನ್ನೆ ಇಬ್ಬರು ಒಟ್ಟಿಗೆ ಬಂದರು. ಒಬ್ಬಳನ್ನು ಮಲಗಿಸಿ, ಇನ್ನೊಬ್ಬಳ ಕೈಗೆ ಮಾತ್ರೆ ಕೊಟ್ಟೆ. ಅವಳು ಅದನ್ನು ನುಂಗಿ ಲೈನಿಗೆ ವಾಪಸ್ ಹೋದಳು.