ನೆಟ್ಟಗಾದ ಬಸ್ಸು

ಅಡುಗೆಮನೆ, ಹಾಸಿಗೆ ಎಲ್ಲ ಇರುವ ಬಸ್ಸೊಂದು ಕಮಲಾಪುರದ ಹತ್ತಿರ ಎಡಕ್ಕೆ ವಾಲಿ ನಿಂತಿದೆ ಅಂತ ಫೋನು ಬಂತು. ಕಲಬುರಗಿಯಲ್ಲಿ ಬಸ್ಸುಗಳ ಏರ್ ಸಸ್ಪೆನ್ಷನ್ ರಿಪೇರಿ ಮಾಡುವವನು ನಾನು. ಸಾಮಾನು ಹಿಡಿದು ಹೋದೆ. ನಮ್ಮ ಜೇವರ್ಗಿ ಕಾಲೋನಿಯವರೇ, ನೌಕರಿ ಮುಗಿಸಿದ ಗಂಡ ಹೆಂಡತಿ, ಆ ಬಸ್ಸಿನಲ್ಲೇ ಊರೂರು ಸುತ್ತುತ್ತಿದ್ದರು.

“ವಾಲಾಕತ್ತಿ ತಿಂಗಳ ಆತ್ರೀ,” ಎಂದರು ಗಂಡ.

ಸೋಪಿನ ನೀರು ಹಚ್ಚಿ ನೋಡಿದೆ, ಗಾಳಿ ಎಲ್ಲೂ ಸೋರುತ್ತಿರಲಿಲ್ಲ. ಬಸ್ಸನ್ನು ಎತ್ತಿ ಹಿಡಿಯುವ ಎಡಗಡೆಯ ಗಾಳಿಚೀಲಕ್ಕೆ ಗಾಳಿ ಬಿಡುವ ವಾಲ್ವಿನ ಕಡ್ಡಿ ಬಾಗಿತ್ತು. ಹೊಸದು ಹಾಕಿ ಇಂಜಿನ್ ಚಾಲೂ ಮಾಡಿಸಿದೆ. ಬಸ್ಸು ಮೆಲ್ಲಗೆ ಎದ್ದು ನೆಟ್ಟಗೆ ನಿಂತಿತು.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಹಿಂದೆಯೇ ಹೆಂಡತಿ ಬಾಗಿಲಿಗೆ ಬಂದರು.

“ಎಲ್ಲಾ ನೆಟ್ಟಗ ಇತ್ತು. ನೀವು ಬಂದು ಸೊಟ್ಟ ಮಾಡಿದ್ರಿ ನೋಡ್ರಿ. ನಿಮ್ಮ ಚಹಾಕ್ಕ ಇಟ್ಟ ಹಾಲು ಚೆಲ್ಲಿ ಹೋತು.”

ಒಳಗೆ ಹೋಗಿ ಸಮ ಇದೆಯೋ ಇಲ್ಲವೋ ನೋಡುವ ಗೌಂಡಿಗಳ ರಸಮಟ್ಟ ನೆಲದ ಮೇಲೆ ಇಟ್ಟು ತೋರಿಸಿದೆ. ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು.

“ಆ ಗುಳ್ಳಿ ಅಡಗಿ ಮಾಡ್ತದೇನ್ರಿ?” ಎಂದರು.

ಆಮೇಲೆ ಕಣ್ಣಿಗೆ ಬಿತ್ತು. ಒಲೆಯ ಎಡಗಾಲುಗಳ ಕೆಳಗೆ ಕಟ್ಟಿಗೆಯ ತುಂಡು, ಹಾಸಿಗೆಯ ಎಡಬದಿಯ ಅಡಿಗೆ ಮಡಚಿದ ಕೌದಿ. ವಾಲಿದ ಬಸ್ಸಿನೊಳಗೆ ಆಕೆ ತಮ್ಮದೊಂದು ನೆಟ್ಟಗಿನ ಮನೆ ಕಟ್ಟಿಕೊಂಡಿದ್ದರು. ನಾನು ಓರೆ ಮಾಡಿದ್ದು ಅದನ್ನೇ.

ಎಲ್ಲವನ್ನೂ ಒಂದೊಂದಾಗಿ ತೆಗೆದೆವು. ಕಟ್ಟಿಗೆ ತುಂಡು ಹೊರಗೆ ಎಸೆಯಲು ಹೋದರೆ ಆಕೆ ಇಸಿದುಕೊಂಡು ಚೀಲಕ್ಕೆ ಹಾಕಿದರು.

“ಇರ್ಲಿ ಬಿಡ್ರಿ. ನಿಮ್ಮ ರಿಪೇರಿ ಎಷ್ಟು ದಿನ ತಡೀತದೋ.”

ನನ್ನ ಗ್ಯಾರೇಜಿನ ಕುರ್ಚಿಯೂ ಒಂದು ಕಡೆ ವಾಲುತ್ತದೆ. ಸರಿ ಮಾಡಬೇಕು ಅಂದುಕೊಂಡಿದ್ದೆ. ಈಗ ಧೈರ್ಯ ಬರುತ್ತಿಲ್ಲ. ಇಷ್ಟು ವರ್ಷದಲ್ಲಿ ನನ್ನ ಸೊಂಟ ಅದಕ್ಕೆ ಹೇಗೆ ಹೊಂದಿಕೊಂಡಿದೆಯೋ.