ಚಿಕ್ಕಮ್ಮ ಟೈ ಕಟ್ಟಲು ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಶಾಲೆ ಬಿಟ್ಟು ಎರಡು ವರ್ಷವಾಯಿತು, ಮಾತು ಎಲ್ಲಾದರೂ ಎಡವಿದ್ದರೆ ದಯವಿಟ್ಟು ಸಹಿಸಿಕೊಳ್ಳಿ. ಇದು ನನ್ನ ಚಿಕ್ಕಮ್ಮನ ಕಥೆ. ನಡುವೆ ಬರುವ ಅಕ್ಕನ ಮಗಳು ನಾನೇ. ‘ನಾನು’ ಎಂದು ಬರೆಯಲು ನಾಚಿಕೆಯಾಯಿತು.

ಚಿಕ್ಕಮ್ಮ ಹನ್ನೊಂದು ವರ್ಷ ಒಂದೇ ಕಟ್ಟಡದ ಐದು ಮಹಡಿಗಳನ್ನು ಒರೆಸಿದವಳು. ಲಿಫ್ಟು ಬಂದುಹೋಗುವವರಿಗೆ, ಬಕೆಟ್ ಹಿಡಿದವರಿಗೆ ಮೆಟ್ಟಿಲು. ಮಂಡಿ ಸವೆದು ಸವೆದು, ಕೊನೆಕೊನೆಗೆ ‘ಅಮ್ಮಾ’ ಎನ್ನದೆ ಒಂದು ಮೆಟ್ಟಿಲೂ ಇಳಿಯಲಾಗುತ್ತಿರಲಿಲ್ಲ. ಅಂಥವಳಿಗೆ ಮುಂಬಾಗಿಲಿನ ಮೇಜಿನ ಕೆಲಸ ಸಿಕ್ಕಿತು. ಬಂದವರ ಹೆಸರು ಬರೆದುಕೊಂಡು ಯಾವ ಮಹಡಿ ಎಂದು ಹೇಳುವುದು, ಅಷ್ಟೇ. ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು. ಜೊತೆಗೆ ನೀಲಿ ಶರ್ಟು, ಪ್ಯಾಂಟು, ಕಂದು ಬಣ್ಣದ ಟೈ.

ಶುಕ್ರವಾರ ಸೂಪರ್‌ವೈಸರ್ ಮೇಡಂ ಚಿಕ್ಕಮ್ಮನ ಎದುರು ನಿಂತು ತಾವೇ ಟೈ ಕಟ್ಟಿದರು.

“ಇವತ್ತು ನಾನು ಕಟ್ಟಿದೆ. ಸೋಮವಾರ ನೀವೇ ಕಟ್ಕೊಂಡು ಬರಬೇಕು. ಆಗಲ್ಲ ಅಂದ್ರೆ ಹೇಳಿಬಿಡಿ, ಪೊರಕೆ ಎಲ್ಲೂ ಹೋಗಿಲ್ಲ.”

ಆ ಗಂಟನ್ನು ಹಾಗೇ ಇಟ್ಟುಕೊಂಡಿದ್ದರೆ ಚಿಕ್ಕಮ್ಮ ಗೆದ್ದಿರುತ್ತಿದ್ದಳು. ಆದರೆ ಅವಳಿಗೆ ಸುಕ್ಕು ಕಂಡರೆ ಆಗದು. ಮನೆಗೆ ಬಂದವಳೇ ಬಿಚ್ಚಿ ಇಸ್ತ್ರಿ ಹಾಕಿಬಿಟ್ಟಳು. ಟೈ ಗೆರೆ ಎಳೆದಂತೆ ನೇರವಾಯಿತು. ಆಮೇಲೆ ತಲೆ ಚಚ್ಚಿಕೊಂಡಳು.

ಶನಿವಾರವೆಲ್ಲ ಕನ್ನಡಿಯ ಮುಂದೆಯೇ ಕಳೆಯಿತು. ಟೈ ಬಂದ ಡಬ್ಬಿಯ ಮೇಲೆ ಕಟ್ಟುವ ಚಿತ್ರವಿತ್ತು. ಚಿತ್ರದಲ್ಲಿ ಎಡಕ್ಕಿದ್ದದ್ದು ಕನ್ನಡಿಯಲ್ಲಿ ಬಲಕ್ಕೆ ಬರುತ್ತಿತ್ತು. ಕಣ್ಣು ಒಂದು ಕಡೆ ಎಳೆದರೆ ಕೈ ಇನ್ನೊಂದು ಕಡೆ.

ಗೂಡ್ಸ್ ಆಟೋ ಓಡಿಸುವ ಚಿಕ್ಕಪ್ಪ ಬಾಗಿಲಲ್ಲಿ ನಿಂತು ನೋಡಿದ. “ಏನೇ, ಟೈ ಕಟ್ತಿದ್ದೀಯೋ, ಮೂಟೆ ಕಟ್ತಿದ್ದೀಯೋ?”

“ನೀವು ಸುಮ್ಮನಿರ್ರೀ. ನಿಮ್ಮ ಶೂ ಲೇಸು ಕಟ್ಟೋದೂ ನಾನೇ.”

“ಸ್ಕೂಲ್ ಮಕ್ಕಳದು ಎಲಾಸ್ಟಿಕ್ ಟೈ ಬರುತ್ತಲ್ಲ, ತಂದ್ಕೊಡ್ಲಾ?”

“ಬೇಡ. ಎದೆ ಮೇಲೆ ನಾಲಿಗೆ ಚಾಚಿದ ಹಾಗಿರುತ್ತೆ.”

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವಳ ಜೋರು ಇಳಿಯಿತು. ಟೈಯನ್ನು ಮಂಚದ ಮೇಲೆಸೆದು ಮಂಡಿ ನೀವಿಕೊಳ್ಳುತ್ತಾ ಕೂತಳು. “ಹೋಗ್ಲಿ ಬಿಡು. ನಾಳೆ ಬಕೆಟ್ಟೇ ಹಿಡೀತೀನಿ.”

ಅಕ್ಕನ ಮಗಳು ಯಾರಿಗೂ ಬುದ್ಧಿ ಹೇಳುವವಳಲ್ಲ. ಆದರೂ ಮಂಚದ ಮೇಲಿನ ಟೈ ಎತ್ತಿಕೊಂಡು ಕೇಳಿದಳು: “ಚಿಕ್ಕಮ್ಮ, ನಂಗೆ ಜಡೆ ಹಾಕುವಾಗ ಎಲ್ಲಿ ನಿಲ್ತೀಯ?”

“ಹಿಂದೆ. ಇನ್ನೇನು ಮೂಗಿನ ಮುಂದೆ ನಿಂತು ಹಾಕ್ತಾರಾ?”

“ಹಾಗಾದ್ರೆ ಟೈನೂ ಹಿಂದಿನಿಂದ ಕಟ್ಟಿ ನೋಡು. ನನ್ನ ಕತ್ತಿಗೆ.”

ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹೆಗಲ ಮೇಲಿಂದ ಎರಡೂ ಕೈ ಇಳಿಬಿಟ್ಟಳು. ಬಲಗೈ ಬಲಕ್ಕೇ ಇತ್ತು, ಎಡಗೈ ಎಡಕ್ಕೇ ಇತ್ತು. ಅಗಲದ ತುದಿಯನ್ನು ಸಣ್ಣದರ ಮೇಲೆ ದಾಟಿಸಿ, ಹಿಂದಿನಿಂದ ಸುತ್ತಿ, ಮತ್ತೆ ಮುಂದೆ ತಂದು, ಕತ್ತಿನ ಹತ್ತಿರ ಒಳಗಿನಿಂದ ಮೇಲೆತ್ತಿ, ಮುಂದಿನ ಮಡಿಕೆಯೊಳಗೆ ಇಳಿಸಿದಳು. ಮೂರು ಸಲ ಕೆಟ್ಟಿತು. ಒಮ್ಮೆ ಎಳೆದ ಎಳೆತಕ್ಕೆ ಹುಡುಗಿ ಕೆಮ್ಮಿದಳು.

“ಸತ್ತೆಯಾ?”

“ಇಲ್ಲ, ಕಟ್ಟು.”

ನಾಲ್ಕನೆಯ ಸಲ ಗಂಟು ಕೂತಿತು. ಆಮೇಲೆ ಚಿಕ್ಕಮ್ಮ ಕನ್ನಡಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ತನ್ನದೇ ಜಡೆ ಹೆಣೆಯುವವಳಂತೆ ತನ್ನ ಕತ್ತಿಗೆ ಕಟ್ಟಿಕೊಂಡಳು. ಚಿಕ್ಕಪ್ಪ ಹತ್ತಿರ ಬಂದು ಬಗ್ಗಿ ನೋಡಿದ. ಆಮೇಲೆ ಹೋಗಿ ತನ್ನ ಶೂ ಲೇಸು ತಾನೇ ಕಟ್ಟಿಕೊಳ್ಳಲು ಕೂತ.

ಸೋಮವಾರದ್ದು ಅವಳೇ ಬಂದು ಹೇಳಿದ್ದು. ಮೇಡಂ ಗಂಟನ್ನು ದಿಟ್ಟಿಸಿ, “ಯಾರು ಕಟ್ಟಿಕೊಟ್ರು?” ಎಂದರಂತೆ. ಚಿಕ್ಕಮ್ಮ ಟೈ ಬಿಚ್ಚಿ, ಬಾಗಿಲ ಕಡೆ ನೋಡುತ್ತಾ ನಿಂತಲ್ಲೇ ಮತ್ತೆ ಕಟ್ಟಿದಳಂತೆ. ಕೈ ಎಲ್ಲೂ ದಾರಿ ತಪ್ಪಲಿಲ್ಲವಂತೆ.

“ತುದಿ ಸ್ವಲ್ಪ ಮೇಲಾಯ್ತಲ್ಲ.”

“ಹೊಟ್ಟೆ ಹತ್ತಿ ಇಳೀಬೇಕಲ್ಲ ಮೇಡಂ, ಅದಕ್ಕೆ.”

ಮೇಡಂ ನಕ್ಕು, ಕುರ್ಚಿ ಎಳೆದುಕೊಟ್ಟರಂತೆ.

ಅವಳ ಇನ್ನೊಂದು ಶರ್ಟಿನ ಕಾಲರಿನ ಗುಂಡಿ ಸಡಿಲವಾಗಿದೆ. ಈ ಹಾಳೆಯನ್ನು ಮಡಚಿಟ್ಟು, ಈಗ ಅದನ್ನು ಹೊಲಿಯುತ್ತೇನೆ.