ಅಪ್ಪನ ನೀರಿನ ಚೀಲ, ಕಾಕಾನ ಶಿಕಾರಿ

ಕಳೆದ ವಾರ ಆಳಂದದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಪಿ.ಟಿ. ಮಾಸ್ತರರು ಒಂದು ಹೊಸ ಬೆನ್ನುಚೀಲ ತಂದು ಮೇಜಿನ ಮೇಲಿಟ್ಟರು. ಗುಡ್ಡ ಹತ್ತುವವರು ಹಾಕಿಕೊಳ್ಳುವಂಥದ್ದು. ಒಳಗೆ ನೀರು ತುಂಬುವ ಪ್ಲಾಸ್ಟಿಕ್ ಚೀಲ, ಅದಕ್ಕೊಂದು ಉದ್ದನೆಯ ನಳಿಕೆ. ನಡೆಯುತ್ತಲೇ ಚೀಪಿಕೊಂಡು ಹೋಗಬಹುದಂತೆ. "ಕುಡದ್ ನೋಡ್ರಿ ಮೇಡಂ" ಎಂದರು. ಬೇಡವೆಂದರೂ ಬಿಡದೆ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಒಂದೇ ಗುಟುಕಿಗೆ ಬಾಯಿ ತುಂಬ ಹೊಸ ಪ್ಲಾಸ್ಟಿಕ್ಕಿನ ವಾಸನೆ. "ಇದಕ್ಕಿಂತ ನಮ್ಮಪ್ಪನ ಚೀಲ ಎಷ್ಟೋ ಪಾಡ ಇತ್ತು" ಎಂದುಬಿಟ್ಟೆ. ಹಾಗೆಂದಾಗ ಕಣ್ಣ ಮುಂದೆ ಬಂದು ನಿಂತವರು ಅಪ್ಪ ಅಲ್ಲ, ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ. ಅದಕ್ಕೂ ನನಗೆ ಸಿಟ್ಟೇ ಬಂತು. ನೆನಪಿನಲ್ಲಿ ಕೂಡ ಆ ಮನುಷ್ಯ ಚೀಲ ಬಿಟ್ಟುಕೊಡಲು ತಯಾರಿಲ್ಲ.

ಅಪ್ಪ ರಸ್ತೆ ಕೆಲಸದವರ ಜೀಪು ಓಡಿಸುತ್ತಿದ್ದರು. ಜೀಪಿನ ಮೂತಿಗೆ ಆ ಚೀಲ ತೂಗುತ್ತಿತ್ತು. ದಪ್ಪ ಕ್ಯಾನ್ವಾಸಿನದು, ಮೇಲೊಂದು ಬಿರಡೆ. ಛಾಗಲ್ ಎನ್ನುತ್ತಿದ್ದರು. ಹೊರಮೈ ಸದಾ ತೇವ, ಗಾಳಿ ಬಡಿದಷ್ಟೂ ಒಳಗಿನ ನೀರು ತಂಪು. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಮನೆ, ಹೊಲ ಹಂಚಿಕೊಂಡರು. ನಾನು ಕೇಳಿದ್ದು ಅದೊಂದನ್ನೇ. ಅತ್ತಿಗೆಯರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನಗಲಿ ಬಿಡಿ. ಜೇವರ್ಗಿಯ ಬಾಡಿಗೆ ಮನೆಯಲ್ಲಿ ಕಿಟಕಿಯ ಪಕ್ಕ ಮೊಳೆ ಹೊಡೆದು ಅದನ್ನು ತೂಗುಹಾಕಿದ್ದೆ. ನೀರು ತುಂಬುತ್ತಿರಲಿಲ್ಲ, ನೋಡುತ್ತಿದ್ದೆ ಅಷ್ಟೇ.

ಕಾಕಾ ಲೈನ್‌ಮನ್ ಆಗಿ ನಿವೃತ್ತರಾದವರು. ಅವರಿಗೆ ಶಿಕಾರಿಯ ಹುಚ್ಚು. ನೆಲೋಗಿ ಕಡೆಯ ರೈತರು ಯಾರಾದರೂ ತೊಗರಿಗೆ ಹಂದಿ ಬಿದ್ದಿವೆ ಎಂದರೆ ಮುಗಿಯಿತು, ತಮ್ಮಂಥವೇ ನಾಲ್ಕು ತಲೆಗಳನ್ನು ಸೇರಿಸಿಕೊಂಡು ಹೊರಟರು. ಈಗ ಕಾನೂನಿದೆ ಕಾಕಾ, ಒಳಗೆ ಹಾಕುತ್ತಾರೆ ಎಂದು ಹೆದರಿಸಿದರೆ, "ನಾವೇನ್ ಹೊಡಿಯಂಗಿಲ್ರಿ ಅಕ್ಕೋರ, ಬರೇ ಓಡಸ್ತೇವಿ" ಎಂದು ಮಗುವಿನ ಮುಖ ಮಾಡುತ್ತಿದ್ದರು. ಹೊಡೆಯದವರಿಗೆ ಬಲೆ ಯಾಕೆ ಎಂದು ಕೇಳಿದರೆ ಕಿವಿ ಕೇಳಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಬಲೆಗೆ ಏನಾದರೂ ಬಿದ್ದದ್ದನ್ನು ನಾನಂತೂ ಕಾಣೆ.

ಅವರಿಗೆ ಬೇಟೆಗಿಂತ ಬೇಟೆಯ ಸಾಮಾನಿನ ಮೇಲೆ ಪ್ರೀತಿ. ಹೊರಡುವ ಹಿಂದಿನ ದಿನ ಎರಡೂ ಮನೆಗಳಿಗೆ ಸೇರಿದ ಅಂಗಳ ಸಂತೆಯಾಗುತ್ತಿತ್ತು. ಟೈರಿನ ಚಪ್ಪಲಿಗೆ ಔಡಲೆಣ್ಣೆ ತಿಕ್ಕುವುದು ನನ್ನ ಹೊಸ್ತಿಲ ಮುಂದೆಯೇ. ಹಂದಿ ಬೆದರಿಸುವ ಡಬ್ಬಿಗಳ ಸದ್ದು ಸರಿಯಾಗಿದೆಯೇ ಎಂದು ಬಡಿದು ನೋಡುವುದು ನಾನು ಉತ್ತರಪತ್ರಿಕೆ ತಿದ್ದಲು ಕುಳಿತಾಗಲೇ. ಬಲೆ ಒಣಗುವುದು ನನ್ನ ಬಟ್ಟೆಯ ಹಗ್ಗದ ಮೇಲೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಶಾಲೆಗೆ ಹೋದರೆ, ಸಹೋದ್ಯೋಗಿಯೊಬ್ಬರು ಮೂಗು ಅರಳಿಸಿ "ನಿಮ್ಮ ಮನ್ಯಾಗ ಎಮ್ಮಿ ಕಟ್ಟೀರೇನ್ರಿ?" ಎಂದು ಕೇಳಿದ್ದರು. ಹವಳಗಾದ ಕಡೆ ಕೆಲಸದಲ್ಲಿದ್ದ ನನ್ನ ಯಜಮಾನರು ಶನಿವಾರ ಮನೆಗೆ ಬಂದಾಗ ಇದನ್ನೆಲ್ಲ ಹೇಳಿಕೊಂಡರೆ ಹೊಟ್ಟೆ ಹಿಡಿದುಕೊಂಡು ನಗುವರು. ಮರುದಿನ ನೋಡಿದರೆ ಅವರೂ ಕಾಕಾನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಚಪ್ಪಲಿಗೆ ಎಣ್ಣೆ ಹಚ್ಚುತ್ತಿದ್ದರು!

ಒಂದು ಬೇಸಿಗೆಯಲ್ಲಿ ಕಾಕಾನ ಕಣ್ಣು ನನ್ನ ಕಿಟಕಿಯ ಮೇಲೆ ಬಿತ್ತು. "ಅಕ್ಕೋರ, ಒಂದ್ ದಿನದ ಮಟ್ಟಿಗಿ ಕೊಡ್ರಿ, ಬಿಸಲಾಗ ಮಂದಿ ಸಾಯಾಕತ್ಯಾರ." ನನಗೆ ಯಾವ ಗ್ರಹಚಾರ ಬಡಿದಿತ್ತೋ, ಕೊಟ್ಟೆ.

ಅಲ್ಲಿಗೆ ಹೋಯಿತು ಚೀಲ. ಕೇಳಿದಾಗಲೆಲ್ಲ "ಈ ಅಮಾಸಿ ಮುಗೀಲ್ರಿ", "ಬಿರಡಿ ರಿಪೇರಿ ಮಾಡಾಕತ್ತೇನಿ", "ನಾಳಿ ಅಫಜಲಪುರ ಕಡಿ ಹೊಂಟೇವಿ, ಬಂದ ಕೂಡಲೇ". ಬೆಳಿಗ್ಗೆ ರಂಗೋಲಿ ಹಾಕುವಾಗ ಪಕ್ಕದ ಬಾಗಿಲಿನ ಚೌಕಟ್ಟಿಗೆ ನನ್ನ ಅಪ್ಪನ ಚೀಲ ತೊಟ್ಟಿಕ್ಕುತ್ತ ತೂಗುತ್ತಿರುವುದು ಕಾಣುತ್ತಿತ್ತು. ಮೈ ಉರಿದುಹೋಗುತ್ತಿತ್ತು.

ಇದರ ಮೇಲೆ ಪಾಲಿನ ಕಾಟ ಬೇರೆ. ಅವರ ಗುಂಪಿನಲ್ಲೊಂದು ಪದ್ಧತಿ. ಸಿಕ್ಕಿದ್ದರಲ್ಲಿ ಹೋದವರಿಗಷ್ಟೇ ಅಲ್ಲ, ಸಾಮಾನಿಗೂ ಪಾಲು. ಬಲೆಗೊಂದು, ನಾಯಿಗೊಂದು, ಎರವಲು ತಂದ ವಸ್ತುವಿದ್ದರೆ ಅದರ ಒಡೆಯರಿಗೊಂದು. ನಮ್ಮಂಥ ಕಟ್ಟಾ ಸಸ್ಯಾಹಾರಿಗಳ ಮನೆಯ ಬಾಗಿಲಿಗೆ ಕಾಕಾ ಮೊದಲ ಸಲ ಮುತ್ತುಗದ ಎಲೆಯ ಪೊಟ್ಟಣ ಹಿಡಿದು ಬಂದಾಗ ನಾನು ಚೀರಿದ್ದು ಓಣಿಗೆಲ್ಲ ಕೇಳಿತ್ತು. ಪಾಪ, ಒಳಗಿದ್ದದ್ದು ಬಾರೆಹಣ್ಣು. "ಛಾಗಲ್ ಪಾಲ ಅದರಿ, ತಗೊಳ್ಳಾಕಬೇಕು." ಆಮೇಲೆ ಸೀತಾಫಲ ಬಂತು, ಜೇನು ಬಂತು, ಏನೂ ಸಿಗದ ದಿನ ಹೊಲದ ಹಸಿ ಕಡಲೆಯ ಗಿಡ ಬಂತು. ಪಾಲು ತೆಗೆದುಕೊಂಡ ಮೇಲೆ ವಸ್ತು ವಾಪಸ್ ಕೇಳುವುದು ಹೇಗೆ? ಮನುಷ್ಯ ಅದನ್ನು ಬೇಕೆಂದೇ ಮಾಡುತ್ತಿದ್ದರೆಂದು ನನಗೆ ಈಗಲೂ ಅನುಮಾನ.

ಒಂದು ಭಾನುವಾರ ತಲೆ ಕೆಟ್ಟು, ಸೆರಗು ಸಿಕ್ಕಿಸಿಕೊಂಡು ನೇರ ಹೋಗಿ ಚೌಕಟ್ಟಿನಿಂದ ಚೀಲ ಬಿಚ್ಚತೊಡಗಿದೆ. ಕಾಕು, ಅಂದರೆ ಕಾಕಾನ ಹೆಂಡತಿ, ಒಳಗಿನಿಂದ "ಒಯ್ರಿ ಅಕ್ಕೋರ, ಒಯ್ದ ಬಿಡ್ರಿ, ನಂಗೂ ಸಾಕಾಗ್ಯಾದ" ಎಂದು ನನ್ನ ಪರವಾಗಿಯೇ ಕೂಗಿದರು. ಕಾಕಾ ಹೊರಗೆ ಬಂದರು. ತಡೆಯಲಿಲ್ಲ. ಒಂದು ತಂಬಿಗೆ ತಂದು, ನನ್ನ ಕೈಯಲ್ಲಿದ್ದ ಚೀಲವನ್ನೇ ಬಗ್ಗಿಸಿ ತುಂಬಿದರು.

"ಮೊದಲ ನೀರ ಕುಡೀರಿ. ಆಮ್ಯಾಲ ಜಗಳಾ ಮಾಡೂಣು."

ಕುಡಿದೆ. ಆ ತಂಪು, ಆ ಒದ್ದೆ ಬಟ್ಟೆಯ ರುಚಿ... ಸಣ್ಣವಳಿದ್ದಾಗ ಅಪ್ಪನ ಜೀಪಿನಲ್ಲಿ ಕುಳಿತು, ಟಾರಿನ ಬಿಸಿ, ಧೂಳು, ಅಪ್ಪ ಬಿರಡೆ ಕಿತ್ತು ಅಂಗೈಗೆ ಸುರಿಯುತ್ತಿದ್ದ ನೀರು... ನನ್ನ ಕಿಟಕಿಯಲ್ಲಿ ಒಣಗಿ ನಿಂತಿದ್ದ ಚೀಲದಲ್ಲಿ ಇದು ಯಾವುದೂ ಇರಲಿಲ್ಲ. ಅಳು ಬಂತು. ಅವರ ಮುಂದೆ ಅಳಬಾರದೆಂದು ತಂಬಿಗೆ ಕೆಳಗಿಟ್ಟು ಬರಿಗೈಯಲ್ಲಿ ಮನೆಗೆ ಬಂದೆ. ಜಗಳ ಮಾತ್ರ ಬಿಡಲಿಲ್ಲ. ಮುಂದೆಯೂ ವಾರಕ್ಕೊಮ್ಮೆಯಾದರೂ ಕೇಳುತ್ತಲೇ ಇದ್ದೆ, ಅವರು ನೆಪ ಹೇಳುತ್ತಲೇ ಇದ್ದರು. ಹೀಗೇ ವರ್ಷಗಳು ಹೋದವು.

ಆಮೇಲೊಂದು ಸಲ ಜಾಲಿಮುಳ್ಳು ಚಪ್ಪಲಿ ದಾಟಿ ಅವರ ಕಾಲಿಗೆ ನಾಟಿತು. ಸಕ್ಕರೆ ಕಾಯಿಲೆಯ ಕಾಲು, ಮಾಯಲಿಲ್ಲ. ತೋರಿಸಿಕೊಳ್ಳಿ ಎಂದು ನಾನು, ಕಾಕು ಇಬ್ಬರೂ ಬಾಯಿ ಬಡಿದುಕೊಂಡೆವು. "ಮುಳ್ಳಿಗ್ಯಾಕ ಡಾಕ್ಟರ್ ಬೇ?" ಎಂದು ಅವರು ಕಾಕುವಿಗೆ ಗದರಿದರು. ಕೊನೆಗೆ ಕಲಬುರಗಿಗೆ ಒಯ್ದಾಗ ಬೆರಳು ತೆಗೆಯಬೇಕಾಯಿತು. ಇನ್ನು ಹೊಲ, ಗುಡ್ಡ ಬಂದ್ ಎಂದರು ಡಾಕ್ಟರು.

ಊರಿಗೆ ಬಂದ ಕೆಲವು ದಿನಗಳಲ್ಲಿ, ಬಲೆಯ ಕೋಲನ್ನೇ ಊರಿಕೊಂಡು, ಕಾಕಾ ನಮ್ಮ ಬಾಗಿಲಿಗೆ ಬಂದರು. ಚೀಲ ತೊಳೆದು, ಒಣಗಿಸಿ, ಮಡಚಿ ತಂದಿದ್ದರು.

"ತಗೋರಿ ಅಕ್ಕೋರ, ನಿಮ್ಮ ಸಾಮಾನ."

ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. "ಈಗ ಯಾರ್ ಕೇಳ್ಯಾರ ನಿಮಗ?" ಎಂದೆ.

"ನೀವ ಇಷ್ಟ ವರ್ಷದಿಂದ ಕೇಳಾಕತ್ತೀರಲ್ರಿ! ಶಿಕಾರಿಗಿ ಹೋಗದವನ ಮನ್ಯಾಗ ಶಿಕಾರಿ ಸಾಮಾನ ಇರಬಾರದರಿ."

ಹೊಸ್ತಿಲ ಮೇಲಿಟ್ಟು ಹೋದರು. ಸಂಜೆ ನಾನು ಒಯ್ದು ಅವರ ಮೊಳೆಗೆ ತೂಗುಹಾಕಿ ಬಂದೆ. ಬೆಳಿಗ್ಗೆ ಕಾಕುವಿನ ಕೈಯಲ್ಲಿ ವಾಪಸ್ ಬಂತು. ಮತ್ತೆ ಒಯ್ದೆ, ಮತ್ತೆ ಬಂತು. ಕಾಕು ನಡುವೆ ಓಡಾಡಿ ಸುಸ್ತಾಗಿ "ನಿಮ್ಮಿಬ್ಬರ ಕೈಯಾಗ ನನ್ನ ಹೆಣಾ ಬೀಳ್ತದ" ಎಂದರು. ಕಡೆಗೊಂದು ದಿನ ಚೀಲ ತುಂಬಿ, ಭಾರ ಹೊತ್ತು, ಅವರ ಮಂಚದ ತಲೆದೆಸೆಗೆ ಕಟ್ಟಿದೆ. ಇದು ಶಿಕಾರಿ ಸಾಮಾನಲ್ಲ, ನಮ್ಮಪ್ಪನದು, ನಮ್ಮಪ್ಪನದನ್ನು ನಾನು ಯಾರಿಗೆ ಬೇಕಾದರೂ ಕೊಡುತ್ತೇನೆ ಎಂದು ರೇಗಿದೆ.

ಕಾಕಾ ಕೈ ಚಾಚಿ ಚೀಲದ ತೇವ ಮುಟ್ಟಿ ನೋಡಿದರು. "ಹಂಗಾದ್ರ ಪಾಲ?" ಎಂದರು.

ಅಷ್ಟೊಂದು ಸೋತ ಮುಖದಲ್ಲೂ ಪಾಲಿನ ಲೆಕ್ಕ! ನೋಡಲು ಬಂದವರು ತಂದಿಟ್ಟ ಮೋಸಂಬಿಯಲ್ಲಿ ಒಂದನ್ನು ತೆಗೆದು ನನ್ನ ಕೈಗಿಟ್ಟರು. ಅಂದಿನಿಂದ ದಿನವೂ ಶಾಲೆ ಬಿಟ್ಟು ಬರುವಾಗ ಚೀಲಕ್ಕೆ ನೀರು ತುಂಬಿ, ಪಾಲು ತೆಗೆದುಕೊಂಡು ಬರುವ ಕೆಲಸ ನನ್ನದಾಯಿತು. ಮೋಸಂಬಿ ಹುಳಿ ಇದ್ದರೂ ತಿನ್ನಬೇಕು, ಅದೂ ಅವರ ಕಣ್ಣ ಮುಂದೆ.

ಪರೀಕ್ಷೆ ಕೆಲಸಕ್ಕೆಂದು ನಾನು ಕಡಗಂಚಿಗೆ ಹೋಗಿದ್ದಾಗ ಅವರು ಹೋದರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚೀಲ ಮಂಚದ ತಲೆದೆಸೆಯಲ್ಲೇ ಇತ್ತು. ಕಾಕು "ಒಯ್ರಿ ಅಕ್ಕೋರ" ಎಂದರು. ನಾಳೆ ಒಯ್ಯುತ್ತೇನೆ ಎಂದೆ. ಮರುದಿನವೂ ಹಾಗೇ ಎಂದೆ. ಆಮೇಲೆ ಆಳಂದಕ್ಕೆ ವರ್ಗವಾಯಿತು...

ಪಿ.ಟಿ. ಮಾಸ್ತರರು ಲೋಟ ವಾಪಸ್ ತೆಗೆದುಕೊಳ್ಳುತ್ತ, "ನಿಮ್ಮಪ್ಪಾರ ಚೀಲ ಈಗ ಎಲ್ಲಿ ಅದರಿ?" ಎಂದು ಕೇಳಿದರು. ಒಬ್ಬರು ಒಂದು ದಿನದ ಮಟ್ಟಿಗೆ ಇಸಿದುಕೊಂಡು ಹೋದರು ಎಂದೆ.

"ವಾಪಸ್ ಕೊಡಲಿಲ್ಲೇನ್ರಿ?"

"ಇನ್ನಾ ಕೊಟ್ಟಿಲ್ರಿ" ಎಂದೆ.